ಕೋವಿ ಮೌಲ್ಯ ಮೀಮಾಂಸೆ: ಕುಮಟಾದಿಂದ ಭಟ್ಕಳದವರೆಗೆ

ಅಧಿಕಾರಿ ಲಕ್ಷಣ

ಈ ಶಾಸ್ತ್ರವನ್ನು ಓದಲು ಯೋಗ್ಯರು ಯಾರೆಂದರೆ ಹೇಳುತ್ತೇವೆ. ತೋಟವಿರಬೇಕು, ತೋಟಕ್ಕೆ ಮಂಗ ಬರಬೇಕು, ಮಾಳಿಗೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇರಬೇಕು, ಕೋವಿಗೆ ಲೈಸೆನ್ಸ್ ಇರಬೇಕು. ಮೊದಲ ಮೂರಿದ್ದು ನಾಲ್ಕನೆಯದಿಲ್ಲದವರು ಈ ಪ್ರಬಂಧಕ್ಕಿಂತ ಮೊದಲು ವಕೀಲರನ್ನು ಕಾಣತಕ್ಕದ್ದು.

ಪೂರ್ವಪಕ್ಷ

ಸೇನೆ ವಿಲೇವಾರಿ ಮಾಡಿದ ರೈಫಲ್ಲುಗಳನ್ನು ಕೊಂಡು ಕೂಡಿಡುವ ಅಮೆರಿಕದ ಪಂಡಿತರು ಹೀಗೆ ವಾದಿಸುತ್ತಾರೆ: ಕೋವಿಯ ಬೆಲೆ ಅದರ ಮೈಮೇಲೆಯೇ ಇದೆ. ಬೋಲ್ಟಿನ ನಂಬರು ಉಳಿದ ಭಾಗದ ನಂಬರಿಗೆ ತಾಳೆಯಾಗಬೇಕು. ಕಾರ್ಖಾನೆಯ ಮುದ್ರೆ ಸವೆದಿರಬಾರದು. ಮರವನ್ನು ಯಾರೂ ಹೊಳಪು ಮಾಡಿರಬಾರದು. ಉಗ್ರಾಣದಲ್ಲಿ ಬಳಿದ ಗ್ರೀಸು ಹಾಗೆಯೇ ಅಂಟಿಕೊಂಡಿದ್ದರೆ ಅದು ಉತ್ತಮೋತ್ತಮ. ಬಂಗಾಳದ ಇಶಾಪುರ ಕಾರ್ಖಾನೆಯು 1962ರ ಚೀನಾ ಯುದ್ಧದ ನಂತರ 7.62 ಮಿ.ಮೀ. ಗುಂಡಿಗೆ ಹೊಂದಿಸಿ ತಯಾರಿಸಿದ ಎನ್‌ಫೀಲ್ಡ್ ಮಾದರಿಯ 2ಎ ರೈಫಲ್ಲುಗಳೂ ಹೀಗೆಯೇ ಸಮುದ್ರ ದಾಟಿ ಅಲ್ಲಿನ ಗೋಡೆಗಳನ್ನು ಅಲಂಕರಿಸಿವೆ.

ಈ ಮತ ಕುಮಟಾ, ಹೊನ್ನಾವರ, ಭಟ್ಕಳವೆಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ನಿಲ್ಲದು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ತೂಗಾಡಿದ .303 ಸಾಮಾನ್ಯ ಪ್ರಜೆಗೆ ನಿಷೇಧಿತ ಬೋರು. ಭಾರತದ ಸೇನೆಯ ಹಳೆಯ ರೈಫಲ್ಲನ್ನು ಭಾರತದವನೊಬ್ಬ ಸಂಗ್ರಹಿಸಬೇಕೆಂದರೆ ಮೊದಲು ಅಮೆರಿಕದ ಪ್ರಜೆಯಾಗಬೇಕು.

ಹಾಗಾದರೆ ಸೇನೆ ಬಿಟ್ಟದ್ದು ನಮ್ಮಲ್ಲಿ ಏನೂ ಇಲ್ಲವೇ ಎಂದರೆ, ಇದೆ. ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪು ಸಿಕ್ಕಿಸುವುದು ಒಂದು ಕಾಲಕ್ಕೆ ಬ್ರಿಟಿಷ್ ಸೇನೆಯ ಅತ್ಯಾಧುನಿಕ ಪದ್ಧತಿ. 1853ರ ಮಾದರಿಯ ಎನ್‌ಫೀಲ್ಡ್ ಕೋವಿ ಹಾರುತ್ತಿದ್ದುದು ಹೀಗೆಯೇ. 1866ರ ಹೊತ್ತಿಗೆ ಸೇನೆ ಹಿಂದಿನಿಂದ ತೋಟೆ ತುಂಬುವ ಸ್ನೈಡರಿಗೆ ಹೊರಳಿ ಈ ಪದ್ಧತಿಯನ್ನು ಕೈಬಿಟ್ಟಿತು. ಅಡಿಕೆ ಬೆಳೆಗಾರ ಕೈಬಿಡಲಿಲ್ಲ. ಇಂದಿಗೂ ಅವನು ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಕೇಪು ಸಿಕ್ಕಿಸಿ, ಕುದುರೆ ಎಳೆಯುವಷ್ಟರಲ್ಲಿ ಮಂಗ ಬಾಳೆಗೊನೆಯನ್ನು ಮುಗಿಸಿ ಭಾವನ ತೋಟಕ್ಕೆ ದಾಟಿರುತ್ತದೆ.

ಮೂಲ ನಿರ್ಣಯ

ಕೋವಿ ಎಲ್ಲಿಯದೆಂಬಲ್ಲಿ ಮೂರು ಪಂಥಗಳುಂಟು. 1542ರಲ್ಲಿ ಊರಿಗೆ ಬೆಂಕಿಯಿಟ್ಟ ಪೋರ್ಚುಗೀಸರು ಅವಸರದಲ್ಲಿ ಬಿಟ್ಟುಹೋದದ್ದೆಂದು ಭಟ್ಕಳ ಪಂಥ. 1783-84ರಲ್ಲಿ ಇಂಗ್ಲಿಷರ ಕ್ಯಾಪ್ಟನ್ ಟೋರಿಯಾನೊ ಊರಿನ ಕೋಟೆಯೊಳಗೆ ಕೂತು ಟಿಪ್ಪುವಿನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದಾಗ ಉಭಯ ಪಕ್ಷಗಳಲ್ಲಿ ಯಾರೋ ಬೀಳಿಸಿಕೊಂಡದ್ದೆಂದು ಹೊನ್ನಾವರ ಪಂಥ. ಮಿರ್ಜಾನ್ ಕೋಟೆಯಿಂದ ಬಂದದ್ದು, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲದ್ದು ಎಂದು ಕುಮಟಾ ಪಂಥ.

ಮೂರನ್ನೂ ಒಂದೇ ಕೇಪು ಖಂಡಿಸುತ್ತದೆ. ಕಲ್ಲಿನ ಕಿಡಿಯ ಕೋವಿ ಹಾರುವ ಮೊದಲೇ ಅದರ ಬೆಳಕು ಕಂಡು ಹಕ್ಕಿಗಳು ಹಾರಿಹೋಗುತ್ತವೆಂದು ರೋಸಿದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್, ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದಿನ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಬಂದದ್ದು ಅದರ ನಂತರ. ಟಿಪ್ಪು ಮಡಿದದ್ದು 1799ರಲ್ಲಿ. ಉಳಿದವರ ಮಾತೇ ಬೇಡ. ಇಲ್ಲಿ ಒಂದು ಸೂಕ್ಷ್ಮವುಂಟು: ಹಕ್ಕಿಗೆ ಮುನ್ಸೂಚನೆ ಸಿಗಬಾರದೆಂದು ಪಾದ್ರಿ ಕಂಡುಹಿಡಿದದ್ದನ್ನು, ಮಂಗಕ್ಕೆ ಮುನ್ಸೂಚನೆ ಕೊಡಲೆಂದೇ ನಾವು ಬಳಸುತ್ತೇವೆ. ಟಿಪ್ಪು ಕಾಲದ ಶೇಷವೇ ಬೇಕೆನ್ನುವವರು ಘಟ್ಟ ಹತ್ತತಕ್ಕದ್ದು. 2018ರಲ್ಲಿ ಹೊಸನಗರ ತಾಲ್ಲೂಕಿನ ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಎತ್ತಿದೆ. ಕೇಪಿನ ಈ ಖಂಡನೆಯನ್ನು ದೊಡ್ಡಪ್ಪನ ಎದುರು ಮಾತ್ರ ಪ್ರಯೋಗಿಸಬಾರದು.

ಸಿದ್ಧಾಂತ

ನಳಿಗೆಯಲ್ಲಿ ಬೆಲೆಯಿದೆಯೇ? ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದಕ್ಕೆ ಜೊತೆಯಾದ ಉಪ್ಪುಗಾಳಿ, ನಳಿಗೆಯ ಬೆಲೆಯನ್ನು ವರ್ಷವರ್ಷವೂ ತಿನ್ನುತ್ತವೆ. ಪ್ರಾಚೀನತೆಯಲ್ಲಿದೆಯೇ? 1972ರ 52ನೇ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ್ದು ಪ್ರಾಚೀನ ವಸ್ತು. ಅದೇ ವರ್ಷದ 53ನೇ ಕಾಯ್ದೆ ವನ್ಯಜೀವಿ ಸಂರಕ್ಷಣೆಯದು. ಕೋವಿಗೆ ಪೂಜ್ಯತೆ ಬಂದ ಬೆನ್ನಿಗೇ ಗುರಿಗೆ ರಕ್ಷಣೆ ಬಂತು. ಅಕ್ಕಪಕ್ಕದ ನಂಬರಿನಲ್ಲಿ ಸಂಸತ್ತು ಎರಡನ್ನೂ ಬೇರ್ಪಡಿಸಿತು.

ಇನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು. ದುರಸ್ತಿ ಮಾಡಿದರೂ ಹಾರದ ಹಳೆಯ ಕೋವಿಗೆ ಲೈಸೆನ್ಸ್ ಬೇಡ ಎನ್ನುತ್ತದೆ. ಎಂದರೆ ಹಾರಿದರೆ ಆಯುಧ, ಹಾರದಿದ್ದರೆ ಪುರಾತನ. ಆಷಾಢದಲ್ಲಿ ಮದ್ದು ಥಂಡಿ ಹಿಡಿದು ಸೀಮೆಯ ಕೋವಿಗಳೆಲ್ಲ ಪುರಾತನವಾಗುತ್ತವೆ. ದೀಪಾವಳಿಗೆ ಮತ್ತೆ ಆಯುಧವಾಗುತ್ತವೆ. ಈ ಋತುಭೇದವನ್ನು ಕಾನೂನು ಪಂಡಿತರು ಇನ್ನೂ ಗಮನಿಸಿಲ್ಲ.

ಆದ್ದರಿಂದ ಸಿದ್ಧವಾದದ್ದು: ಕೋವಿಯ ಬೆಲೆ ಕೋವಿಯಲ್ಲಿಲ್ಲ, ಲೈಸೆನ್ಸ್ ಪುಸ್ತಕದಲ್ಲಿದೆ. ನಂಬರು ತಾಳೆಯಾಗಬೇಕಾದ್ದು ಬೋಲ್ಟಿಗಲ್ಲ, ಪುಸ್ತಕಕ್ಕೆ. ಕೋವಿ ತುಕ್ಕು ಹಿಡಿದರೆ ಎಣ್ಣೆ ಹಚ್ಚಬಹುದು. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಜಿಲ್ಲಾ ಕೇಂದ್ರ ಕಾರವಾರಕ್ಕೆ ಅಲೆಯಬೇಕು, ಭಟ್ಕಳದವರಿಗೆ ಅದು ನೂರು ಕಿಲೋಮೀಟರಿಗೂ ಹೆಚ್ಚು. ಯಜಮಾನನಿಗೆ 70 ತುಂಬಿದರೆ, ಅಥವಾ ಕೋವಿ ಅವನಲ್ಲಿ 25 ವರ್ಷ ಕಳೆದರೆ, ವಾರಸುದಾರನಿಗೆ ವರ್ಗಾಯಿಸಲು ನಿಯಮವುಂಟು. ಜಮೀನು ಪಾಲಾಗುತ್ತದೆ, ಪಾತ್ರೆ ಪಾಲಾಗುತ್ತದೆ, ಲೈಸೆನ್ಸ್ ಪಾಲಾಗದು. ಹಾಗಾಗಿ ಉಳಿದ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಬೇಕಾಗುತ್ತದೆ. ನಿಜವಾದ ಬೆಲೆ ನಿಗದಿಯಾಗುವುದು ಆ ಸಹಿಯ ಹೊತ್ತಿಗೆ. 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡವರಿಗೆ ಈ ಸಿದ್ಧಾಂತ ಅನ್ವಯಿಸದು.

ಸಂಗ್ರಹ ಪ್ರಕರಣ

ಸಂಗ್ರಾಹಕ ಯಾರು? ಒಬ್ಬ ಪ್ರಜೆ ಎರಡಕ್ಕಿಂತ ಹೆಚ್ಚು ಕೋವಿ ಇಡಬಾರದೆಂದು 2019ರ ತಿದ್ದುಪಡಿ. ಎರಡನ್ನು ಸಂಗ್ರಹ ಎನ್ನಲಾಗದು, ಜೋಡಿ ಎನ್ನಬಹುದು. ಈ ಸೀಮೆಯಲ್ಲಿ ಸಂಗ್ರಾಹಕನೆಂಬ ಹೆಸರಿಗೆ ಯೋಗ್ಯವಾದದ್ದು ಒಂದೇ, ಪೊಲೀಸ್ ಠಾಣೆ. ಚುನಾವಣೆ ಘೋಷಣೆಯಾದೊಡನೆ ಒಂಟಿನಳಿಗೆ, ಜೋಡುನಳಿಗೆ, ಕೇಪಿನದು, ತೋಟೆಯದು, ಎಲ್ಲವೂ ತಾವಾಗಿಯೇ ಅಲ್ಲಿಗೆ ಬಂದು ಸೇರುತ್ತವೆ. ಖರ್ಚಿಲ್ಲ, ಹರಾಜಿಲ್ಲ. ಪ್ರತಿಯೊಂದಕ್ಕೂ ಚೀಟಿ, ನಂಬರು, ರಿಜಿಸ್ಟರಿನಲ್ಲಿ ದಾಖಲೆ: ಯಾವ ವಸ್ತುಸಂಗ್ರಹಾಲಯವಾದರೂ ನಾಚಬೇಕಾದ ಶಿಸ್ತು.

2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಮೇ ತಿಂಗಳಲ್ಲಿ ಲೋಕಸಭೆ. ಎರಡೂ ಸಲ ಹಲಸು, ಮಾವು, ಗೇರು ಹಣ್ಣಾಗಿದ್ದ ಹೊತ್ತು. ನೀತಿ ಸಂಹಿತೆ ಮಂಗಗಳಿಗೆ ಅನ್ವಯಿಸದಾದ್ದರಿಂದ ಅವು ನಿರ್ಭೀತ, ಮುಕ್ತ ವಾತಾವರಣದಲ್ಲಿ ತಮ್ಮ ಹಕ್ಕು ಚಲಾಯಿಸಿದವು. ಬೆಳೆಗಾರನ ಕೈಯಲ್ಲಿ ಉಳಿದದ್ದು ಪಿವಿಸಿ ಪೈಪು ಮತ್ತು ಕಾರ್ಬೈಡು. ಪೈಪಿನ ಸದ್ದು ಕೋವಿಗಿಂತ ಜೋರು, ಬೆಲೆ ಅಗ್ಗ. ಆದರೆ ಆಯುಧ ಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವ ಗಾಂಭೀರ್ಯ ಅದಕ್ಕಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವನಿಗೆ ಐದು ವರ್ಷಕ್ಕೊಮ್ಮೆಯ ನವೀಕರಣ ಒಂದೇ ಓಡಾಟದಲ್ಲಿ ಆಗುವುದು. ಕೇಳಿದವನಿಗೆ ಅಣ್ಣತಮ್ಮಂದಿರ ಸಹಿ ದೊರೆಯುವುದು. ಬರೆಸಿ ದಾನ ಮಾಡಿದವನ ಕೋವಿ ಮತ ಎಣಿಕೆಯ ಮರುದಿನವೇ ಮನೆಗೆ ಮರಳುವುದು. ನಂಬದೆ ನಕ್ಕವನ ತೋಟಕ್ಕೆ ಎಲ್ಲರ ತೋಟದ ಮಂಗಗಳೂ ಬಂದು ಸೇರುವವು.