ತಾರೀಖಿಲ್ಲದ ರಾಜೀನಾಮೆ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಳಗಿನ ಬೆಂಗಳೂರು ರೈಲಿಗೆ ಕಾಯುವವರಲ್ಲಿ ಒಂದು ಬಗೆಯ ಆಸಾಮಿಯನ್ನು ಗುರುತಿಸುವುದು ಸುಲಭ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಫೋನಿನಲ್ಲಿ ಎರಡು ಸಿಮ್ಮು, ಊಟದ ಡಬ್ಬಿಯ ಕೆಳಗೆ ಮಡಚಿಟ್ಟ ರಾಜೀನಾಮೆ ಪತ್ರ. ಪತ್ರದಲ್ಲಿ ಎಲ್ಲವೂ ಇದೆ, ತಾರೀಖೊಂದಿಲ್ಲ. ಯುಗಾದಿಗೆ ಹಾಕುತ್ತೇನೆ ಅಂದವನು ದಸರೆಗೆ ದೂಡುತ್ತಾನೆ. ದಸರೆ ಬಂದರೆ ಬೋನಸ್ ಕೈಗೆ ಬರಲಿ ಅನ್ನುತ್ತಾನೆ. ಊರಿನಲ್ಲಿ ಅವನದೊಂದು ಪಾನಿಪುರಿ ಅಂಗಡಿ ಶುರುವಾಗಿದೆ. ಕುಡಿಯುವ ನೀರಿನಷ್ಟು ತಿಳಿಯಾಗಿ ಕಂಡು, ಬಾಯಿಗಿಟ್ಟೊಡನೆ ಕಣ್ಣಲ್ಲಿ ನೀರು ತರಿಸುವ ಈ ಊರಿನ ಪಾನಿ ಬೆಂಗಳೂರಿನ ಬೋರ್ಡುಗಳನ್ನೂ ಏರಿದೆ, ವ್ಯಾಪಾರಕ್ಕೆ ಮೋಸವಿಲ್ಲ. ಆದರೂ ಕೆಲಸ ಬಿಡುವುದಿಲ್ಲ. ಪುಕ್ಕಲ ಎನ್ನುತ್ತಾರೆ ನೆಂಟರು, ದುರಾಸೆ ಎನ್ನುತ್ತಾರೆ ನೆರೆಯವರು. ಎರಡೂ ಅಲ್ಲ, ಅವನಿಗಿರುವುದು ಇತಿಹಾಸಪ್ರಜ್ಞೆ.

ಪಕ್ಕದ ಚಿನ್ನದ ಗಣಿಯ ಊರು ಕೆಜಿಎಫ್ ನೋಡಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿಗೆ ಕಾಲಿಟ್ಟಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಗಣಿಗೆ ಬಂದಾಗ ಬೆಂಗಳೂರು ಇನ್ನೂ ಎಣ್ಣೆ ದೀಪದಲ್ಲಿತ್ತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಇರುವ ಮನೆ ಗಣಿಯದು, ಹೆರಿಗೆಯ ಆಸ್ಪತ್ರೆ ಗಣಿಯದು. ಇದಕ್ಕಿಂತ ಭದ್ರವಾದ ನೌಕರಿ ಯಾವುದಿತ್ತು? 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಇವತ್ತು ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲು ತುಂಬಿ ಬರುವುದರಲ್ಲಿ ಆ ದಿನದ ಪಾಲೂ ಇದೆ. 1964ರಲ್ಲಿ ಹುಟ್ಟಿದ ಬಿಇಎಂಎಲ್ ಅದೇ ಊರಿನಲ್ಲಿ ಇನ್ನೂ ನಡೆಯುತ್ತಲೇ ಇದೆಯಲ್ಲ ಎನ್ನಬಹುದು. ನಿಜ. ಆದರೆ ಕೆಲಸಕ್ಕೆ ಸೇರುವ ದಿನ ಯಾವ ಗೇಟು ಉಳಿಯುತ್ತದೆ ಎಂದು ಯಾರು ಹೇಳಿದ್ದರು?

ಕೆಲಸದಲ್ಲಿದ್ದುಕೊಂಡೇ ಅಂಗಡಿ ನಡೆಸುವುದು ಧಣಿಗೆ ಬಗೆಯುವ ದ್ರೋಹವಲ್ಲವೇ ಎಂಬ ತಕರಾರು ಗಟ್ಟಿಯಾದದ್ದು. 2022ರಲ್ಲಿ ವಿಪ್ರೋ ಎರಡು ಕಡೆ ದುಡಿದರೆಂದು 300 ಜನರನ್ನು ಮನೆಗೆ ಕಳಿಸಿತು. ಆದರೆ ಅವರು ದುಡಿಯುತ್ತಿದ್ದದ್ದು ಎದುರಾಳಿ ಕಂಪನಿಗಳಿಗೆ ಎಂಬುದು ಆರೋಪ. ಪಾನಿಪುರಿ ಯಾವ ಕಂಪನಿಗೆ ಎದುರಾಳಿ? 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಒಂದೇ ದಿನ ಎರಡು ಕಾರ್ಖಾನೆಯಲ್ಲಿ ದುಡಿಯಬೇಡ ಎನ್ನುತ್ತಿತ್ತು. ತಳ್ಳುಗಾಡಿಯನ್ನು ಕಾರ್ಖಾನೆ ಎನ್ನುವಷ್ಟು ಉದಾರತೆ ಆ ಕಾಯ್ದೆಗಿರಲಿಲ್ಲ. ಇನ್ನು ಸರ್ಕಾರ, ತನ್ನ ಕಾಯಂ ನೌಕರ ಬೇರೆ ಹುದ್ದೆಗೆ ಹೋದರೆ ಹಳೆಯದರ ಮೇಲೆ ಹಕ್ಕು, ಅಂದರೆ ‘ಲೀನ್’, ಇಟ್ಟುಕೊಳ್ಳಲು ನಿಯಮವನ್ನೇ ಮಾಡಿದೆ. ನಮ್ಮವನು ತನ್ನ ಲೀನನ್ನು ತಾನೇ ಮಂಜೂರು ಮಾಡಿಕೊಂಡಿದ್ದಾನೆ, ಅಷ್ಟೇ. (ಅವನ ಕಂಪನಿಯ ಕರಾರುಪತ್ರ ಬೇರೆ ಏನನ್ನೋ ಹೇಳುತ್ತಿರಬಹುದು, ಅದನ್ನು ಅವನು ಓದದೆ ಸಹಿ ಹಾಕಿದ್ದಾನೆ.) ಕೆಲಸದಲ್ಲಿ ತೂಕಡಿಸುತ್ತಾನೆಯೇ? ಇಲ್ಲ. ಸಿಕ್ಕಿಬೀಳುವ ಭಯಕ್ಕೆ ಎಲ್ಲರಿಗಿಂತ ಮೊದಲು ಹಾಜರಿ ಹಾಕುವವನು ಅವನೇ. ನಿದ್ದೆಯೆಲ್ಲ ರೈಲಿನಲ್ಲಿ, ಅದು ಯಾವ ಧಣಿಯ ಹೊತ್ತೂ ಅಲ್ಲ.

ಉತ್ತರವಿಲ್ಲದ ತಕರಾರು ಒಂದೇ, ಅದನ್ನು ಯಾರೂ ಎತ್ತುವುದಿಲ್ಲ. ಅಂಗಡಿಯ ಲೈಸೆನ್ಸ್ ಹೆಂಡತಿಯ ಹೆಸರಿನಲ್ಲಿದೆ, ಕಂಪನಿಗೆ ಗೊತ್ತಾಗದಿರಲೆಂದು. ಮಧ್ಯಾಹ್ನ ಬಟಾಣಿ ಬೇಯಿಸಿ, ಪಾನಿಯ ಹದ ನೋಡಿ, ಐದಕ್ಕೆ ಗಾಡಿ ತೆರೆಯುವವಳು ಅವಳು. ಏಳೂವರೆಗೆ ರೈಲಿಳಿದು ಬರುವ ಇವನು ನೇರ ಗಲ್ಲಾದ ಮುಂದೆ ಕೂತು, ಹೊಸ ಉದ್ಯೋಗದ ಕಷ್ಟಗಳನ್ನು ಗಿರಾಕಿಗಳಿಗೆ ವಿವರಿಸುತ್ತಾನೆ. ಹಳೆಯ ಕೆಲಸ ಬಿಡದೆ ಹೊಸದನ್ನು ಹಿಡಿದವಳು ಅವಳಲ್ಲವೇ? ಒಲೆ, ಪಾತ್ರೆ, ಅತ್ತೆಯ ಮಾತ್ರೆ ಯಾವುದಕ್ಕೂ ರಾಜೀನಾಮೆ ಪತ್ರವಿಲ್ಲ. ಮಧ್ಯೆ ಮಲಗಲು ರೈಲೂ ಇಲ್ಲ.