ಗೋಡೆ ಹತ್ತದ ಹಲ್ಲಿ

ಹಲ್ಲಿಯೊಡನೆ ಕನ್ನಡಿಗರ ಸಂಬಂಧವು ಬಹುಮಟ್ಟಿಗೆ ಶಕುನದ್ದೇ ಹೊರತು ಸಾಕಣೆಯದ್ದಲ್ಲ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ, ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ‘ಹಲ್ಲಿ ಬಿದ್ದ ಫಲ’ದ ಪುಟ ಹುಡುಕುವ, ಕಂಚಿಯ ವರದರಾಜ ಪೆರುಮಾಳ್ ದೇವಾಲಯದ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವರನ್ನು ಮುಟ್ಟಿಯಾದರೂ ದೋಷ ಕಳೆದುಕೊಳ್ಳುವ ಜನರಿಗೆ, ಅದೇ ಜಾತಿಯ ಪ್ರಾಣಿಯನ್ನು ಹಣ ಕೊಟ್ಟು ತಂದು, ಜೋಡಿ ಕೂಡಿಸಿ, ಮರಿ ಮಾಡಿಸುವುದು ವಿವೇಕದ ಲಕ್ಷಣವಾಗಿ ಕಾಣುವುದಿಲ್ಲ. ಆಡಳಿತದ ನುಡಿ ಮರಾಠಿಯಾದರೂ ಉಮದಿ, ಸಂಖ, ಗುಡ್ಡಾಪುರಗಳ ಪಡಸಾಲೆಗಳಲ್ಲಿ ಕನ್ನಡವೇ ನಡೆಯುವ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಂತೂ ಈ ಹವ್ಯಾಸವು ಎರಡು ಭಾಷೆಗಳಲ್ಲಿ ಅಪಾರ್ಥಕ್ಕೆ ಎಡೆಕೊಡುತ್ತದೆ.

ತಳಿ ಬೆಳೆಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗಿನ, ಜೋಲುಗಿವಿಯ ಮಾಡಗ್ಯಾಳ ಕುರಿಯು ಇದೇ ತಾಲೂಕಿನ ಊರೊಂದರಿಂದ ಹೆಸರು ಪಡೆದದ್ದು. ಅದರ ಒಳ್ಳೆಯ ಟಗರಿಗೆ ಲಕ್ಷಗಳಲ್ಲಿ ಬೆಲೆ ಕಟ್ಟುವವರಿದ್ದಾರೆ. ಕುರಿಯನ್ನು ‘ಪಾಲಿಗೆ’ ಕೊಡುವ, ಅಂದರೆ ಸಾಕಿದವನಿಗೆ ಹುಟ್ಟಿದ ಮರಿಗಳಲ್ಲಿ ಭಾಗ ಕೊಡುವ ಕರಾರೂ ಹಳೆಯದು. ತೊಡಕೆಂದರೆ ಮರಾಠಿಯಲ್ಲಿ ಹಲ್ಲಿಗೆ ‘ಪಾಲ’ ಎಂದೇ ಹೆಸರು. ಒಬ್ಬ ತರುಣನು ಪಾಲ ಸಾಕಿದ್ದಾನೆಂಬ ಸುದ್ದಿ ಇಲ್ಲಿ ಹಬ್ಬಿದರೆ, ‘ಯಾರ ಪಾಲಿಂದು, ಎಷ್ಟ ಮರಿ ಅದಾವು?’ ಎಂದು ಕೇಳುವವರೇ ಹೆಚ್ಚು. ನಿಜ ತಿಳಿದ ಮೇಲೆ ‘ಏ ತಮ್ಮಾ, ಗ್ವಾಡಿ ಮ್ಯಾಲ ಪುಕ್ಕಟ ಅದಾವಲ್ಲೋ’ ಎಂದು ಮನೆಯ ಆಯಿ ಎತ್ತುವ ಆಕ್ಷೇಪಕ್ಕೆ ಪ್ರಾಣಿಶಾಸ್ತ್ರದಲ್ಲಿ ಸಮರ್ಪಕ ಉತ್ತರ ದೊರೆಯುವುದು ಕಷ್ಟ.

ಆದರೂ ಗೋಡೆಯದಕ್ಕೂ ಡಬ್ಬಿಯದಕ್ಕೂ ಭೇದವಿದೆ. ಚಿರತೆ ಹಲ್ಲಿ, ಅಂದರೆ ಹಳದಿ ಮೈಮೇಲೆ ಕಪ್ಪು ಚುಕ್ಕೆಗಳುಳ್ಳ ಲೆಪರ್ಡ್ ಗೆಕೊ, ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಲ್ಲುನೆಲದ ಪ್ರಾಣಿಯಾಗಿದ್ದು, ಅದನ್ನು 1854ರಲ್ಲಿ ಎಡ್ವರ್ಡ್ ಬ್ಲೈತ್ ಶಾಸ್ತ್ರೀಯವಾಗಿ ಹೆಸರಿಸಿದನು. ಅದರ ಕುಲನಾಮವಾದ ‘ಯೂಬ್ಲೆಫ್ಯಾರಿಸ್’ ಎಂಬುದು ಗ್ರೀಕ್ ಮೂಲದ್ದು, ಒಳ್ಳೆಯ ರೆಪ್ಪೆಯುಳ್ಳದ್ದು ಎಂದರ್ಥ. ಗೋಡೆಯ ಹಲ್ಲಿಗೆ ಕಣ್ಣು ಮುಚ್ಚಲು ಬಾರದು, ಇದಕ್ಕೆ ಬರುತ್ತದೆ. ಆದರೆ ಬೆರಳ ತುದಿಯಲ್ಲಿ ಅಂಟುವ ಪದರಗಳಿಲ್ಲದ್ದರಿಂದ ನುಣುಪು ಗೋಡೆಯನ್ನು ಇದು ಹತ್ತಲಾರದು. ಹತ್ತಲಾರದ್ದು ಬೀಳುವುದೆಲ್ಲಿಂದ? ಹೀಗಾಗಿ ಶಕುನಶಾಸ್ತ್ರದ ಮಟ್ಟಿಗೆ ಇದು ಸಂಪೂರ್ಣ ನಿರುಪಯುಕ್ತ ಹಲ್ಲಿ. ಇದರ ಬಂಧುವೊಂದು ಮಹಾರಾಷ್ಟ್ರ, ಗುಜರಾತುಗಳ ಕಲ್ಲುಗುಡ್ಡಗಳಲ್ಲಿಯೇ ಇದೆಯಾದರೂ, ಅದನ್ನು ಹಿಡಿದು ತರುವ ಯೋಚನೆಯನ್ನು ಮೊದಲ ಸಲದ ಸಾಕುವವನು ಮೊದಲಲ್ಲೇ ಬಿಡತಕ್ಕದ್ದು.

ಜೋಡಿ ಕೂಡಿಸುವ ಕಾರ್ಯಕ್ಕೆ ವರಪರೀಕ್ಷೆಯಿಂದಲೇ ಆರಂಭ. ಹಿಂಗಾಲುಗಳ ನಡುವೆ, ಬಾಲದ ಬುಡದ ಮುಂದೆ, ತಲೆಕೆಳಗಾದ ವಿ ಆಕಾರದಲ್ಲಿ ಸ್ಫುಟವಾದ ರಂಧ್ರಗಳ ಸಾಲೂ ಅದರ ಹಿಂದೆ ಎರಡು ಉಬ್ಬುಗಳೂ ಇದ್ದರೆ ಗಂಡು. ಇದನ್ನು ನೋಡದೆ ಅಂಗಡಿಯವನ ಮಾತು ನಂಬಿ ತಂದ ದಂಪತಿಗಳು ಕೆಲವೊಮ್ಮೆ ಇಬ್ಬರೂ ಗಂಡಾಗಿದ್ದು, ಮದುವೆಯ ಬದಲು ಕುಸ್ತಿ ನಡೆಯುತ್ತದೆ. ಹೆಣ್ಣಿನ ತೂಕ 45ರಿಂದ 50 ಗ್ರಾಂ ಆಗುವವರೆಗೆ ಕಾಯಬೇಕೆಂಬುದು ಅನುಭವಿಗಳ ನಿಯಮ. ಗಂಡು ಬಾಲದ ತುದಿಯನ್ನು ಗರಗರನೆ ಅದುರಿಸಿ ಪ್ರಸ್ತಾಪ ಮುಂದಿಡುತ್ತದೆ, ಆಮೇಲೆ ಕತ್ತು ಕಚ್ಚಿ ಹಿಡಿಯುತ್ತದೆ. ಒಪ್ಪಿಗೆಯಿಲ್ಲದ ಹೆಣ್ಣು ತಿರುಗಿ ಕಚ್ಚುತ್ತದೆ. ಈ ವಿಷಯದಲ್ಲಿ ಹಿರಿಯರ ಸಂಧಾನಕ್ಕೆ ಅವಕಾಶವಿಲ್ಲ, ಬೇರ್ಪಡಿಸುವುದೊಂದೇ ದಾರಿ.

ಮುಂದೆ ಹೆಣ್ಣು, ನರ್ಸರಿಯವರು ಸಸಿ ಬೆಳೆಸಲು ಬಳಸುವ ತೇವದ ಕೋಕೋಪೀಟ್ ತುಂಬಿದ ಡಬ್ಬಿಯಲ್ಲಿ ರಾತ್ರಿಯೆಲ್ಲ ಕೆದರಿ, ತೊಗಲಿನಂತೆ ಮೆತ್ತಗಿರುವ ಎರಡು ಮೊಟ್ಟೆಗಳನ್ನು ಹೂತಿಡುತ್ತದೆ. ಕೋಳಿಯ ಮೊಟ್ಟೆಯಂತೆ ಇವನ್ನು ಹೊರಳಿಸಬಾರದು, ಏಕೆಂದರೆ ಭ್ರೂಣವು ಒಳಗೋಡೆಗೆ ಅಂಟಿಕೊಂಡಿರುತ್ತದೆ; ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಇದ್ದ ಹಾಗೆಯೇ ಕಾವುಪೆಟ್ಟಿಗೆಗೆ ಸಾಗಿಸಬೇಕು. ಕೆಲವು ದಿನಗಳ ನಂತರ ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದರೆ, ಕಟ್ಟಿದ ಮೊಟ್ಟೆಯೊಳಗೆ ಕೆಂಪು ಉಂಗುರವೂ ನೂಲಿನಂತಹ ರಕ್ತನಾಳಗಳೂ ಕಾಣುತ್ತವೆ. ಗೊಡ್ಡು ಮೊಟ್ಟೆ ಬರೀ ಹಳದಿ. ಆ ಉಂಗುರವನ್ನು ನೋಡಲು ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವುದು ಮೊದಲ ಸಲದವರಿಗೆಲ್ಲ ಅಂಟುವ ರೋಗ.

ಶಾಸ್ತ್ರದ ಸ್ವಾರಸ್ಯವಿರುವುದು ಕಾವಿನಲ್ಲಿ. ಈ ಪ್ರಾಣಿಯಲ್ಲಿ ಗಂಡುಹೆಣ್ಣನ್ನು ನಿರ್ಧರಿಸುವುದು ಉಷ್ಣತೆ: ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, 32–33ರಲ್ಲಿ ಬಹುಪಾಲು ಗಂಡು, 34–35ಕ್ಕೆ ಏರಿದರೆ ಮತ್ತೆ ಬಹುಪಾಲು ಹೆಣ್ಣು. ಮನುಷ್ಯರಲ್ಲಿ ಭ್ರೂಣದ ಲಿಂಗ ಪತ್ತೆಯನ್ನೇ 1994ರ ಕಾನೂನು ಅಪರಾಧವೆಂದು ಸಾರಿರುವ ದೇಶದಲ್ಲಿ, ಇಲ್ಲಿ ಮಾತ್ರ ಥರ್ಮಾಮೀಟರು ಸಂತಾನಭಾಗ್ಯ ಹಂಚುತ್ತ ಕೂರುತ್ತದೆ. ತಂಪುದೇಶಗಳ ಕೈಪಿಡಿಗಳು ಪೆಟ್ಟಿಗೆಯನ್ನು ಕಾಯಿಸುವುದು ಹೇಗೆಂದು ಪುಟಗಟ್ಟಲೆ ವಿವರಿಸುತ್ತವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪಾದರಸ 40ರ ಸುತ್ತ ಸುಳಿದಾಡುವ ಜತ್ತದಲ್ಲಿ ಬೇಕಾದದ್ದು ಅದನ್ನು ತಣಿಸುವ ವಿದ್ಯೆ. ಕರೆಂಟು ಹೋದೊಡನೆ ಪೆಟ್ಟಿಗೆಯ ಫ್ಯಾನು ನಿಲ್ಲುತ್ತದೆ, ಹೆಣ್ಣಾಗಲಿದ್ದುದು ಗಂಡಿನತ್ತ ವಾಲುತ್ತದೆ, ಇನ್ನೂ ತಡವಾದರೆ ಹೆಣ್ಣಿನತ್ತ ಮರಳುತ್ತದೆ, ಅದನ್ನೂ ಮೀರಿದರೆ ಎರಡೂ ಆಗದೆ ಬೆಂದುಹೋಗುತ್ತದೆ. ಕೊನೆಗೆ ಪೆಟ್ಟಿಗೆಯು ಅಡುಗೆಮನೆಯ ಮೂಲೆಯಲ್ಲಿ, ಒದ್ದೆ ಮರಳಿನ ಮೇಲೆ ಕುಳಿತ ನೀರಿನ ಹರವಿಯ ಪಕ್ಕಕ್ಕೆ ಬಂದು ಸೇರುವುದುಂಟು. ಥರ್ಮೋಸ್ಟ್ಯಾಟ್, ಅಂದರೆ ಉಷ್ಣತೆಯನ್ನು ತಾನಾಗಿ ಹಿಡಿತದಲ್ಲಿಡುವ ಸಾಧನ, ಸೋತಲ್ಲಿ ಹರವಿ ನಿಭಾಯಿಸುತ್ತದೆ.

ಒಂದೂವರೆ ಎರಡು ತಿಂಗಳ ತರುವಾಯ ಮೊಟ್ಟೆ ಬೆವರುತ್ತದೆ, ಸೀಳುತ್ತದೆ, ಕಪ್ಪುಹಳದಿ ಪಟ್ಟೆಯ ಮರಿಯೊಂದು ಮೂತಿ ಮಾತ್ರ ಹೊರಗಿಟ್ಟು ಗಂಟೆಗಟ್ಟಲೆ ಯೋಚಿಸುತ್ತದೆ. ಹೊರಬಂದ ಮೇಲೆ ಮೊದಲ ಪೊರೆ ಕಳಚಿ ಅದನ್ನೇ ತಿನ್ನುತ್ತದೆ. ಮುಟ್ಟಹೋದರೆ ಬೆರಳುದ್ದವೂ ಇಲ್ಲದ ದೇಹದಿಂದ ಕಿರುಚಿ ಹೆದರಿಸುತ್ತದೆ. ಆಗ ಲೆಕ್ಕ ಶುರುವಾಗುತ್ತದೆ. ಒಂದೇ ಕೂಟದಿಂದ ಹೆಣ್ಣು ಒಂದು ಋತುವಿನಲ್ಲಿ ಹಲವು ಸಲ ಎರಡೆರಡು ಮೊಟ್ಟೆ ಇಡಬಲ್ಲದು, ಪ್ರತಿ ಮರಿಗೂ ಬೇರೆ ಡಬ್ಬಿ ಬೇಕು, ಆದ್ದರಿಂದ ಮನೆಯ ಪೇಢೆ ಡಬ್ಬಿಗಳು ಒಂದೊಂದಾಗಿ ಕಾಣೆಯಾಗುತ್ತವೆ.

ಮರಿಗಳ ಆಹಾರಕ್ಕೆಂದು ತಂದು, ಕ್ಯಾಲ್ಸಿಯಂ ಪುಡಿ ಸವರಿಟ್ಟ ಚಿಮ್ಮಂಡೆಗಳಲ್ಲಿ ಕೆಲವಂತೂ ತಪ್ಪಿಸಿಕೊಂಡು ರಾತ್ರಿ ಪಡಸಾಲೆಯಲ್ಲಿ ಹಾಡತೊಡಗುತ್ತವೆ. ಅವನ್ನು ಹುಡುಕುವ ಶ್ರಮ ಯಾರಿಗೂ ಇರುವುದಿಲ್ಲ. ಟ್ಯೂಬ್‌ಲೈಟಿನ ಹಿಂದಿನಿಂದ ಮನೆಯ ಹಲ್ಲಿ ಇಳಿದು ಬಂದು, ಪುಡಿಯ ಸಮೇತ ಒಂದೊಂದನ್ನೇ ನುಂಗಿ, ದಿನೇ ದಿನೇ ಮೈತುಂಬಿಕೊಂಡು, ದಾನಮ್ಮ ದೇವಿಯ ಪಟದ ಹಿಂದೆ ಎರಡು ಗಟ್ಟಿ ಮೊಟ್ಟೆಗಳನ್ನು ಇಡುತ್ತದೆ. ಅವುಗಳ ಕಾವನ್ನು ಅಳೆಯಲು ಯಾರೂ ಹೋಗುವುದಿಲ್ಲ.