ದಶಾಂಶ ರಾಯರು

ಡೊಂಬಿವಲಿಯಲ್ಲಿ ನೀವು ಮನೆ ಸಾಲಕ್ಕೆ ಹೊರಟ ಸುದ್ದಿ ಬ್ಯಾಂಕಿಗಿಂತ ಮೊದಲು ದಶಾಂಶ ರಾಯರಿಗೆ ಮುಟ್ಟಿರುತ್ತದೆ. ಲೋಕಲ್‌ನಲ್ಲಿ ನಾಲ್ಕನೇ ಸೀಟಿಗೆ ಅರ್ಧ ಕೂತು, ಅರ್ಧ ಗಾಳಿಯಲ್ಲಿದ್ದರೂ ಅವರ ಕೈಯ ಉದ್ದ ಪುಸ್ತಕ ಮಾತ್ರ ಅಲುಗಾಡುವುದಿಲ್ಲ. ಮನೆ ಅರವತ್ತು ಲಕ್ಷವೋ ಎಂಬತ್ತು ಲಕ್ಷವೋ ಎಂದು ಅವರು ಕೇಳುವವರಲ್ಲ. "ಅದೆಲ್ಲ ನಿಮ್ಮ ಹಣೆಬರಹ ಮಾರಾಯ್ರೆ. ಬಡ್ಡಿ ಎಷ್ಟು? ಬಿಂದುವಿನಿಂದ ಆಚೆಗಿನದ್ದು ಹೇಳಿ."

ಮೂಲ ಉಡುಪಿ ಕಡೆ. ಗೋಡೆಯಲ್ಲಿ ಕೃಷ್ಣನ ಪಟ, ಅದರ ಪಕ್ಕಕ್ಕೇ ರೆಪೊ ದರ ಬರೆದಿಟ್ಟ ಕ್ಯಾಲೆಂಡರ್. ಟಿವಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಮಾತಿಗೆ ಕೂತರೆ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ದರ 6.50ರಿಂದ 5.50ಕ್ಕೆ ಇಳಿದಾಗ ಮೂರು ಸಲವೂ ಪಾಯಸ ಆಗಿತ್ತು. ರಾಯರ ತಲೆಯ ಮೇಲೆ ಒಂದು ರೂಪಾಯಿ ಸಾಲ ಇಲ್ಲ, ಅದು ಬೇರೆ ಮಾತು.

ಆ ಪುಸ್ತಕದ ಬಗ್ಗೆ ಎರಡು ಮಾತು ಹೇಳಲೇಬೇಕು. ಬ್ಯಾಂಕಿಗೊಂದು ಅಂಕಣ. ಊರ ಅಭಿಮಾನದಿಂದ ಮೊದಲ ಅಂಕಣಗಳು ನಮ್ಮ ಕರಾವಳಿಯ ಬ್ಯಾಂಕುಗಳಿಗೆ ಮೀಸಲು. ಆದರೆ ರಾಯರು ಹೋಲಿಸಿ ಮುಗಿಸುವಷ್ಟರಲ್ಲಿ ಬ್ಯಾಂಕೇ ಉಳಿಯುವುದಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದ ಮನೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್‌ಗೆ. 2023ರ ಜುಲೈಯಲ್ಲಿ ಎಚ್‌ಡಿಎಫ್‌ಸಿಯೂ ತಾನೇ ಹೆತ್ತ ಬ್ಯಾಂಕಿನೊಳಗೆ ಕರಗಿತು. ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತ ರಾಯರು, "ಕಾಲಂ ಹಾಕಿದ್ದಷ್ಟೇ ಬಂತು" ಎಂದು ನಿಟ್ಟುಸಿರು ಬಿಡುತ್ತಾರೆ. ಭಾರತ್ ಬ್ಯಾಂಕ್, ಮೊಗವೀರ ಬ್ಯಾಂಕ್‌ಗಳ ಅಂಕಣ ಇನ್ನೂ ಗಟ್ಟಿ ಇವೆ. ಅವುಗಳ ಮೇಲೆ ಒಂದು ಸಣ್ಣ ಓಂ ಬರೆದಿದ್ದಾರೆ.

ನನ್ನದು ನಲವತ್ತು ಲಕ್ಷದ ಸಾಲ, ಇಪ್ಪತ್ತು ವರ್ಷ. ಒಂದು ಬ್ಯಾಂಕು 8.5 ಅಂದಿತು, ಇನ್ನೊಂದು 8.4. ರಾಯರ ಕಣ್ಣು ಅರಳಿತು. "ಕಂತು ಇಲ್ಲಿ 34,713, ಅಲ್ಲಿ 34,460. ತಿಂಗಳಿಗೆ 253 ರೂಪಾಯಿ. ಪೂರ್ತಿ ಅವಧಿಗೆ ಅರವತ್ತು ಸಾವಿರದ ಮೇಲೆ! ಬಿಡ್ಲಿಕ್ಕುಂಟಾ?" ಆ 253 ರೂಪಾಯಿಯ ಬೆನ್ನು ಹತ್ತಿ ನಾನು ಮೂರು ಸಿಎಲ್ ಕಳೆದೆ, ಠಾಣೆಗೆ ಎರಡು ಸಲ ಹೋದೆ. ಕಡಿಮೆ ಬಡ್ಡಿಯವರು ಪ್ರೊಸೆಸಿಂಗ್ ಫೀ, ಲೀಗಲ್, ವ್ಯಾಲ್ಯುವೇಶನ್ ಎಂದು ಒಂದೊಂದೇ ಚೀಟಿ ಮುಂದಿಟ್ಟರು. ಕೊನೆಗೆ ಸಾಲದ ಜತೆ ಇನ್ಶೂರೆನ್ಸ್ ಕಡ್ಡಾಯ ಎನ್ನುವ ಹಾಗೆ ನಗುತ್ತ ಪೆನ್ನು ಕೊಟ್ಟರು. ರಾಯರಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಇನ್ನೂ ನಾಲ್ಕು ಅಂಕಣ ಎಳೆಯಲು ಜಾಗ ಸಿಕ್ಕಿತಲ್ಲ.

ಆ ಹೊತ್ತಿಗೆ ಅಡುಗೆಮನೆ ಬಾಗಿಲಿಂದ ರಾಯರ ಹೆಂಡತಿ ಕಾಫಿ ತಂದವರು, "ಮನೆ ನಿಮ್ಮ ಹೆಂಡತಿ ಹೆಸರಿಗೆ ಮಾಡಿದ್ರೆ ಆಗ್ಲಿಕ್ಕಿಲ್ವಾ? ಸ್ಟ್ಯಾಂಪ್ ಡ್ಯೂಟಿ ಒಂದು ಪರ್ಸೆಂಟ್ ಕಮ್ಮಿ" ಎಂದರು. ಮಹಾರಾಷ್ಟ್ರದಲ್ಲಿ 2021ರಿಂದಲೇ ಇರುವ ರಿಯಾಯಿತಿ. ಅರವತ್ತು ಲಕ್ಷದ ಮನೆಗೆ ಒಂದೇ ಏಟಿಗೆ ಅರವತ್ತು ಸಾವಿರ! ನಾನು ರಾಯರ ಮುಖ ನೋಡಿದೆ. "ಅದು ಪೂರ್ಣಾಂಕ" ಎಂದು ಅವರು ಲೋಟ ಎತ್ತಿದರು.

ಹಾಗೆಂದು ರಾಯರನ್ನು ತಮಾಷೆಗೆ ಮಾತ್ರ ಎಂದುಕೊಳ್ಳಬೇಡಿ. ಕಲ್ಯಾಣದ ಕಡೆ ಒಂದು ಹೊಸ ಕಟ್ಟಡ ಅಗ್ಗಕ್ಕೆ ಸಿಗುತ್ತಿತ್ತು, ನಾನು ಕುಣಿದಾಡುತ್ತಿದ್ದೆ. ರಾಯರು ಬಡ್ಡಿ ಕೇಳುವ ಮೊದಲು, ಅಪರೂಪಕ್ಕೆ, "ಓಸಿ ಉಂಟಾ?" ಎಂದು ವಾಸಯೋಗ್ಯತಾ ಪತ್ರ ಕೇಳಿದರು. ನಕಲಿ ಕಾಗದ ತೋರಿಸಿ ರೇರಾ ನೋಂದಣಿ ಗಿಟ್ಟಿಸಿದ ಡೊಂಬಿವಲಿ ಸುತ್ತಲಿನ 65 ಕಟ್ಟಡಗಳ ಕತೆಯನ್ನು ಲೋಕಲ್‌ನಲ್ಲಿ ಎಲ್ಲರೂ ಕೇಳಿದ್ದೇವೆ. ಅವುಗಳಲ್ಲಿ ಮನೆ ಕೊಂಡವರೂ ದರ ಹೋಲಿಸಿಯೇ ಸಾಲ ತೆಗೆದಿದ್ದರೇನೋ. ನವಿ ಮುಂಬಯಿಯದ್ದಾದರೆ ಸಿಡ್ಕೋ ಲೀಸಿನ ಕಾಗದ ನೋಡದೆ ರಾಯರು ಪೆನ್ಸಿಲ್ ಮುಟ್ಟುವುದೇ ಇಲ್ಲ.

ಕೊನೆಗೆ ಹಳೆಯ ಕಟ್ಟಡದಲ್ಲೇ ಮನೆ ಆಯಿತು. ನೆಲದ ಲಾದಿ ಎದ್ದಿತ್ತು, ಮಾಳಾ ಎನ್ನುವ ಅಟ್ಟ ಜೋತಿತ್ತು. ರಿಪೇರಿಗೂ ಸಾಲ ಬೇಕಲ್ಲ? ಟಾಪ್‌ಅಪ್ಪೋ ಪರ್ಸನಲ್ ಲೋನೋ ಎಂದು ರಾಯರು ಹೊಸ ಹಾಳೆ ತಿರುವಿದರು. ಕಡಪ ಕಲ್ಲಿನ ಕಟ್ಟೆಯನ್ನು ಗ್ರಾನೈಟ್ ಮಾಡಬೇಕೆಂಬ ನನ್ನ ಹೆಂಡತಿಯ ಆಸೆಗೂ ಒಂದು ದಶಾಂಶ ಬಿತ್ತು. ಲೆಕ್ಕ ಮುಗಿಯುವ ಮೊದಲೇ ಅವಳು ತನ್ನ ಎಫ್‌ಡಿ ಮುರಿದು ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟಿದ್ದಳು.

ಕಳೆದ ತಿಂಗಳು ರಾಯರ ಮಗ ಘೋಡ್‌ಬಂದರ್ ರಸ್ತೆಯಲ್ಲಿ ಫ್ಲ್ಯಾಟ್ ನೋಡಿದ. ತಂದೆ ಹದಿನಾಲ್ಕು ಅಂಕಣದ ಹಾಳೆ ಗೀಚುತ್ತ ಕೂತಿರುವಾಗಲೇ ಮಗ ಸೋಫಾದಲ್ಲಿ ಮಲಗಿ, ಮೊಬೈಲ್ ಒತ್ತಿ, "ಅಪ್ಪಾ, ಸ್ಯಾಂಕ್ಷನ್ ಆಯ್ತು" ಎಂದನಂತೆ.

"ಬಡ್ಡಿ?"

"ಎಂಟು ಚಿಲ್ಲರೆ."

ರಾಯರು ಆ ರಾತ್ರಿ ಊಟ ಮಾಡಲಿಲ್ಲ. ಹನ್ನೆರಡು ಗಂಟೆಗೆ ಮಗನ ಕೋಣೆಯ ಬಾಗಿಲು ಬಡಿದರಂತೆ.

"ಚಿಲ್ಲರೆ ಎಷ್ಟು?"